ಶಂಕರಪುರ ಮಲ್ಲಿಗೆ: ಮನೆಯಂಗಳದಲ್ಲಿ ಬೆಳೆಸಿ ಉಳಿಸಿಕೊಳ್ಳುವ ಕ್ರಮ

ಉಡುಪಿ: ಕರಾವಳಿಯ ಮದುವೆ, ಭೂತಕೋಲ, ನಾಗಾರಾಧನೆ ಯಾವುದೂ ಮಲ್ಲಿಗೆಯಿಲ್ಲದೆ ಪೂರ್ಣವಾಗುವುದಿಲ್ಲ. ಕಾಪುವಿನ ಮಾರಿಗುಡಿಗೆ ಹೋಗುವ ಭಕ್ತರ ಕೈಯಲ್ಲಿ ಹಣ್ಣುಕಾಯಿಯ ಜತೆ ಮಲ್ಲಿಗೆಯ ಚೆಂಡು ಇದ್ದೇ ಇರುತ್ತದೆ. ಈ ಹೂವಿಗೆ ಹೆಸರು ತಂದುಕೊಟ್ಟದ್ದು ಕಾಪು ತಾಲೂಕಿನಲ್ಲಿ, ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ಹಾದಿಯಲ್ಲಿರುವ ಶಂಕರಪುರ. 'ಉಡುಪಿ ಮಲ್ಲಿಗೆ' ಎಂಬ ಹೆಸರಿನಲ್ಲಿ ಇದಕ್ಕೆ ಜಿಐ ಟ್ಯಾಗ್ ಕೂಡ ದೊರೆತಿದೆ. ಸಸ್ಯಶಾಸ್ತ್ರದಲ್ಲಿ ಇದು ಜಾಸ್ಮಿನಮ್ ಸಂಬಾಕ್ ಜಾತಿಗೆ ಸೇರುತ್ತದೆ.

ಇದು ದೊಡ್ಡ ತೋಟಗಳ ಬೆಳೆಯಲ್ಲ. ಮನೆಯ ಹಿತ್ತಿಲಿನ ಕೆಲವೇ ಸೆಂಟ್ಸ್ ಜಾಗದಲ್ಲಿ, ಮನೆಮಂದಿಯೇ ನೋಡಿಕೊಂಡು ಬೆಳೆಯುವ ಹೂವು. ಬೆಳಗ್ಗೆ ಕೊಯ್ದು ಕಟ್ಟಿಕೊಟ್ಟ ಹೂವಿನ ಹಣದಲ್ಲಿ ಮಕ್ಕಳನ್ನು ಓದಿಸಿದ ಗೃಹಿಣಿಯರು ಈ ಭಾಗದಲ್ಲಿ ಅನೇಕರಿದ್ದಾರೆ. ಈಚಿನ ವರ್ಷಗಳಲ್ಲಿ ಉಡುಪಿ, ಮಣಿಪಾಲದ ತಾರಸಿಗಳ ಮೇಲೂ ಕುಂಡಗಳಲ್ಲಿ ಮಲ್ಲಿಗೆ ಕಾಣಿಸುತ್ತಿದೆ.

ಆದರೆ ಆಸೆಯಿಂದ ತಂದು ನೆಟ್ಟ ಗಿಡ ಮೊದಲ ಬೇಸಿಗೆಯಲ್ಲಿ ಹೂ ಬಿಟ್ಟು, ಜುಲೈ ತಿಂಗಳಲ್ಲಿ ಎಲೆ ಹಳದಿಯಾಗಿ ಒಣಗುವುದು ಸಾಮಾನ್ಯ ದೂರು. ವರ್ಷಕ್ಕೆ ಸರಾಸರಿ 4,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮಲ್ಲಿಗೆಗೆ ಬಿಸಿಲಿಗಿಂತ ಬುಡದಲ್ಲಿ ನಿಂತ ನೀರೇ ದೊಡ್ಡ ಶತ್ರು. ಮಳೆಗಾಲವನ್ನು ದಾಟಿಸಿದರೆ ಅದೇ ಗಿಡ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೂ ಕೊಡಬಲ್ಲದು.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಳ್ಳಬೇಕು. ತೆಂಗು, ಮಾವಿನ ನೆರಳಿನಲ್ಲಿ ಗಿಡ ಸೊಂಪಾಗಿ ಬೆಳೆದರೂ ಮೊಗ್ಗು ಬರುವುದಿಲ್ಲ. ಇಳಿಮಾಡಿನ ನೀರು ಬುಡಕ್ಕೆ ಬೀಳುವ ಸ್ಥಳವನ್ನು ಬಿಡುವುದು ಒಳಿತು.

ಮಣ್ಣು ಊರಿನಿಂದ ಊರಿಗೆ ಬೇರೆ. ಮಣಿಪಾಲದ ಮುರಕಲ್ಲಿನ ನೆಲದಲ್ಲಿ ಕಲ್ಲು ಕಡಿದು ತೋಡಿದ ಗುಂಡಿ ಮಳೆಗಾಲದಲ್ಲಿ ಬಾವಿಯಂತೆ ತುಂಬಿಕೊಳ್ಳುತ್ತದೆ. ಅಲ್ಲಿ ನೆಲದ ಮೇಲೆಯೇ ಒಂದೂವರೆ ಅಡಿ ಎತ್ತರದ ಮಣ್ಣಿನ ದಿಬ್ಬ ಕಟ್ಟಿ ನೆಡುವುದು ಸೂಕ್ತ. ಕಾಪುವಿನ ಕಡಲ ಬದಿಯ ಹೊಯಿಗೆ ನೆಲದಲ್ಲಿ ನೀರು ನಿಲ್ಲುವುದಿಲ್ಲವಾದರೂ ಗೊಬ್ಬರದ ಸಾರ ಬೇಗ ತೊಳೆದುಹೋಗುತ್ತದೆ. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ಗೊಬ್ಬರ ಕೊಡಬೇಕು. ಘಟ್ಟದ ಬುಡದ ಕಾರ್ಕಳದಲ್ಲಿ ಮಳೆ ಇನ್ನೂ ಹೆಚ್ಚು. ಅಲ್ಲಿ ಸಾಲಿನ ಪಕ್ಕ ಒಂದು ಅಡಿ ಆಳದ ಚರಂಡಿ ಅನಿವಾರ್ಯ.

ನೆಡುವುದು

ಗೆಲ್ಲಿನ ತುಂಡುಗಳಿಂದ ಬೇರು ಬರಿಸಿದ ಗಿಡಗಳು ನರ್ಸರಿಗಳಲ್ಲಿ ದೊರೆಯುತ್ತವೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಮೇಲ್ಮಣ್ಣು, ಹಟ್ಟಿಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಗಿಡಗಳ ನಡುವೆ ನಾಲ್ಕೈದು ಅಡಿ ಅಂತರವಿದ್ದರೆ ಗಾಳಿಯಾಡುತ್ತದೆ, ಹೂ ಕೊಯ್ಯಲೂ ಅನುಕೂಲ.

ತಾರಸಿಗೆ ಒಂದೂವರೆ ಅಡಿ ಅಗಲದ ಕುಂಡ ಸಾಕು. ಎರಡು ಪಾಲು ಮಣ್ಣು, ಒಂದು ಪಾಲು ಹೊಯಿಗೆ, ಒಂದು ಪಾಲು ಗೊಬ್ಬರ ಬೆರೆಸಿಕೊಳ್ಳಬಹುದು. ಕುಂಡದಡಿ ಇಟ್ಟಿಗೆ ಇಟ್ಟು, ತೂತುಗಳಿಂದ ನೀರು ಸರಾಗವಾಗಿ ಹೊರಬರುವಂತೆ ನೋಡಿಕೊಳ್ಳಬೇಕು. ಕುಂಡದ ಕೆಳಗಿನ ತಟ್ಟೆಯನ್ನು ಮೇ ಕೊನೆಯಲ್ಲೇ ತೆಗೆದಿಡುವುದು ಕ್ಷೇಮ.

ಮಳೆಗಾಲದ ಆರೈಕೆ

ಬೇಸಿಗೆಯಲ್ಲಿ ನೀರು ನಿಲ್ಲಿಸಲು ಬುಡದ ಸುತ್ತ ಕಟ್ಟಿದ ಕಟ್ಟೆಯನ್ನು ಮಳೆ ಹಿಡಿಯುವ ಮೊದಲೇ ಒಡೆದು, ಬುಡಕ್ಕೆ ಮಣ್ಣು ಏರಿಸಬೇಕು. ನೆಲಕ್ಕೆ ತಾಗುವ ಗೆಲ್ಲುಗಳನ್ನು ತೆಗೆಯಬೇಕು. ಬುಡಕೊಳೆ ತಡೆಯಲು ಹಟ್ಟಿಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆರೆಸಿದ ಟ್ರೈಕೋಡರ್ಮಾವನ್ನು ಬುಡಕ್ಕೆ ಹಾಕುವುದು ಸಹಕಾರಿ.

ಎಲೆಚುಕ್ಕೆ ರೋಗಕ್ಕೆ ಅಡಿಕೆ ಕೃಷಿಕರಿಗೆ ಚಿರಪರಿಚಿತವಾದ ಶೇ. 1ರ ಬೋರ್ಡೋ ದ್ರಾವಣ ಸಾಕಾಗುತ್ತದೆ. 10 ಲೀಟರ್ ದ್ರಾವಣಕ್ಕೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ ಬೇಕು. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಬಳಿಕ ಬೆರೆಸಿ, ಅಂದೇ ಸಿಂಪಡಿಸಬೇಕು. ಗಿಡದ ಎಲೆ ಹಳದಿಯಾಯಿತೆಂದು ಮಳೆಯ ನಡುವೆ ರಾಸಾಯನಿಕ ಗೊಬ್ಬರ ಸುರಿಯುವುದು ತಪ್ಪು. ಮೊದಲು ಬುಡದ ನೀರು ಬಸಿಯುವಂತೆ ಮಾಡಬೇಕು.

ಕತ್ತರಿಸಲು ಹಿಂಜರಿಕೆ ಬೇಡ

ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಗೆಲ್ಲುಗಳನ್ನು ಉಳಿಸಿಕೊಂಡಷ್ಟೂ ಹೂ ಕಡಿಮೆ. ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ, ಬೆಳೆದ ಗಿಡವನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಬೇಕು. ಒಣಗಿದ, ರೋಗ ತಗುಲಿದ ಗೆಲ್ಲುಗಳನ್ನು ಬುಡಸಮೇತ ತೆಗೆಯಬೇಕು. ಅನಂತರ ಗಿಡವೊಂದಕ್ಕೆ ಸುಮಾರು 10 ಕಿಲೋ ಹಟ್ಟಿಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಬೇಸಿಗೆಯ ಹೊತ್ತಿಗೆ ಗಿಡ ತುಂಬ ಮೊಗ್ಗು ಬರುತ್ತದೆ. ನೆಲಗಡಲೆ ಹಿಂಡಿಯನ್ನು ಎರಡು ಮೂರು ದಿನ ನೆನೆಸಿ, ತಿಳಿಗೊಳಿಸಿ, ಹದಿನೈದು ದಿನಗಳಿಗೊಮ್ಮೆ ಬುಡಕ್ಕೆ ಹಾಕುವ ಕ್ರಮವೂ ಇದೆ.

ಮೊಗ್ಗಿನ ಕೀಟಗಳು

ಮೊಗ್ಗುಗಳನ್ನು ಬಲೆಯಂಥ ನೂಲಿನಿಂದ ಸೇರಿಸಿಕೊಂಡು ಒಳಗೆ ಕೊರೆಯುವ ಹುಳು ಒಂದು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುವಂತೆ ಮಾಡುವ ಸಣ್ಣ ನೊಣ ಇನ್ನೊಂದು. ಈ ನೊಣದ ಮರಿಹುಳು ಮಣ್ಣಿಗಿಳಿದು ಕೋಶವಾಗುವುದರಿಂದ ಉದುರಿದ ಮೊಗ್ಗುಗಳನ್ನು ದಿನವೂ ಹೆಕ್ಕಿ ಸುಡಬೇಕು. ಬುಡದ ಮಣ್ಣನ್ನು ಕೆದಕಿ ಬೇವಿನ ಹಿಂಡಿ ಬೆರೆಸಬೇಕು. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸಾಬೂನು ಬೆರೆಸಿ, ಹೂ ಕೊಯ್ದ ನಂತರ ಸಂಜೆ ಸಿಂಪಡಿಸಬಹುದು. ಬೇಸಿಗೆಯಲ್ಲಿ ಎಲೆಯ ಅಡಿ ಸೇರುವ ಕೆಂಪು ನುಸಿಗೆ ನೀರನ್ನು ರಭಸವಾಗಿ ಚಿಮ್ಮಿಸುವುದೇ ಮೊದಲ ಮದ್ದು.

ಕೊಯ್ಲು ಮತ್ತು ಮಾರುಕಟ್ಟೆ

ಬಲಿತು ಬೆಳ್ಳಗಾದ, ಆದರೆ ಅರಳದ ಮೊಗ್ಗುಗಳನ್ನು ನಸುಕಿನಲ್ಲೇ ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಿದ 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂಗಳು. ಶಂಕರಪುರದಲ್ಲಿ ದರ ದಿನವೂ ಬದಲಾಗುತ್ತದೆ. ಚಳಿಗಾಲದಲ್ಲಿ ಇಳುವರಿ ಕುಸಿದು ಶುಭಕಾರ್ಯಗಳು ಕೂಡಿಬಂದಾಗ ಅಟ್ಟೆಗೆ 2,000 ರೂ. ದಾಟಿದ್ದುಂಟು. ಹೂ ಹೆಚ್ಚಾಗಿ ಬೇಡಿಕೆ ತಗ್ಗಿದಾಗ ಕೆಲವೇ ನೂರು ರೂ.ಗೆ ಇಳಿಯುವುದೂ ಉಂಟು. 2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆಗಳು ನಿಂತುಹೋದದ್ದು ಹೂವು ಹೇರಳವಾಗಿ ಬಿಡುವ ತಿಂಗಳುಗಳಲ್ಲೇ. ಮಲ್ಲಿಗೆಯನ್ನೇ ನಂಬಿದ ಮನೆಗಳಿಗೆ ಅದು ದೊಡ್ಡ ಹೊಡೆತವಾಯಿತು. ಒಂದೆರಡು ಗಿಡಗಳಿಂದ ಸಾಮಾನ್ಯವಾಗಿ ದಿನಕ್ಕೊಂದು ಚೆಂಡು ಹೂ ಸಿಗದು. ಆದಾಯದ ಉದ್ದೇಶವಿದ್ದವರು ಇದನ್ನು ಗಮನದಲ್ಲಿಟ್ಟುಕೊಂಡೇ ಗಿಡಗಳ ಸಂಖ್ಯೆ ನಿರ್ಧರಿಸಬೇಕು.

ಬೇರೆ ಊರುಗಳಲ್ಲಿ

ಬೆಂಗಳೂರು, ಮೈಸೂರಿನಲ್ಲಿ ಮಳೆಯ ಕಾಟ ಕಡಿಮೆ. ಆದರೆ ಚಳಿಗೆ ಹೂ ಬಹುತೇಕ ನಿಲ್ಲುತ್ತದೆ. ಗಡಸು ಕೊಳವೆಬಾವಿ ನೀರು ಹಾಕಿದಾಗ ನರಗಳು ಹಸಿರಾಗಿಯೇ ಉಳಿದು ಎಳೆ ಎಲೆ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಬಹುದು.

ಉಡುಪಿ ಜಿಲ್ಲೆಯವರು ಗಿಡದ ರೋಗಕ್ಕೆ ಸಂಬಂಧಿಸಿದ ಸಲಹೆಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವನ್ನು ಅಥವಾ ತೋಟಗಾರಿಕೆ ಇಲಾಖೆಯ ತಾಲೂಕು ಕಚೇರಿಯನ್ನು ಸಂಪರ್ಕಿಸಬಹುದು. ಹೋಗುವಾಗ ರೋಗ ತಗುಲಿದ ಗೆಲ್ಲು, ಬೇರಿನ ತುಂಡು ಮತ್ತು ಒಂದು ಹಿಡಿ ಬುಡದ ಮಣ್ಣನ್ನು ಜತೆಗೆ ಒಯ್ದರೆ ಕಾರಣ ಗುರುತಿಸಲು ಸುಲಭವಾಗುತ್ತದೆ.