ರೇಡಿಯೇಟರ್ ಫ್ಯಾನಿನ ವಿದ್ಯುತ್ ದೋಷ ಪತ್ತೆ

ಎಂಜಿನ್ನಿನಿಂದ ಕಾದು ಬಂದ ಕೂಲೆಂಟನ್ನು ತಣಿಸಲು ರೇಡಿಯೇಟರಿನ ಮೂಲಕ ಗಾಳಿ ಎಳೆಯುವುದು ವಿದ್ಯುತ್ ಫ್ಯಾನಿನ ಕೆಲಸ. ಗಾಡಿ ಹೆದ್ದಾರಿಯಲ್ಲಿ ಓಡುವಾಗ ಎದುರುಗಾಳಿಯೇ ಈ ಕೆಲಸವನ್ನು ಬಹುಮಟ್ಟಿಗೆ ಮಾಡಿಬಿಡುತ್ತದೆ. ಫ್ಯಾನು ನಿಜಕ್ಕೂ ಬೇಕಾಗುವುದು ಸಿಗ್ನಲ್ಲಿನಲ್ಲಿ ನಿಂತಾಗ, ಘಟ್ಟವನ್ನು ನಿಧಾನವಾಗಿ ಹತ್ತುವಾಗ ಮತ್ತು ಏಸಿ ಹಾಕಿದಾಗ. ಹಾಗಾಗಿ ನಿಂತಾಗ ಬಿಸಿಯೇರಿ, ಓಡತೊಡಗಿದೊಡನೆ ತಣಿಯುವ ಎಂಜಿನ್ ಫ್ಯಾನಿನ ಕಡೆಗೆ ಬೆರಳು ತೋರಿಸುತ್ತದೆ. ವೇಗದಲ್ಲೂ ಬಿಸಿಯೇರುವುದಾದರೆ ಮೊದಲು ನೋಡಬೇಕಾದದ್ದು ಥರ್ಮೋಸ್ಟಾಟ್, ನೀರಿನ ಪಂಪು, ಕಟ್ಟಿಕೊಂಡ ರೇಡಿಯೇಟರು.

ಫ್ಯಾನು ತಿರುಗುತ್ತಿಲ್ಲವೆಂದೊಡನೆ ಮೋಟಾರನ್ನೇ ಬದಲಿಸುವುದು ಗ್ಯಾರೇಜುಗಳ ಹಳೆಯ ಚಾಳಿ. ಆದರೆ ಇಲ್ಲಿರುವುದು ಒಂದಲ್ಲ, ಎರಡು ಸರ್ಕ್ಯೂಟು. ಕೂಲೆಂಟಿನ ತಾಪ ಅಳೆಯುವ ಸೆನ್ಸರಿನ ಮಾತು ಕೇಳಿ ಎಂಜಿನ್ ಕಂಪ್ಯೂಟರು ರಿಲೇಯ ಸುರುಳಿಗೆ ಆಜ್ಞೆ ಕೊಡುವುದು ಒಂದು. ಅದರಲ್ಲಿ ಹರಿಯುವುದು ಅತಿ ಸಣ್ಣ ಕರೆಂಟು. ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ದಾಟಿ ಮೋಟಾರಿಗೆ ಹೋಗುವ ದಪ್ಪ ವೈರಿನ ದಾರಿ ಇನ್ನೊಂದು. ಎರಡೂ ಸೇರುವ ಜಾಗ ರಿಲೇ ಆದ್ದರಿಂದ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುವುದು ಜಾಣತನ. ಜರ್ಮನಿಯ ಡಿಐಎನ್ 72552 ಮಾನಕದಂತೆ ಗುರುತಿಸಿದ ಸಾಮಾನ್ಯ ರಿಲೇಯಲ್ಲಿ 85, 86 ಸುರುಳಿಯ ಕಾಲುಗಳು. 30 ಮತ್ತು 87 ಮೋಟಾರಿನ ದಾರಿಯ ಕಾಲುಗಳು. ರಿಲೇ ಕಿತ್ತು, ಅದರ ಸಾಕೆಟ್ಟಿನಲ್ಲಿ 30 ಮತ್ತು 87ರ ತೂತುಗಳನ್ನು ದಪ್ಪ ವೈರಿನಿಂದ ಕೂಡಿಸಿದಾಗ ಫ್ಯಾನು ಜೋರಾಗಿ ತಿರುಗಿದರೆ ಮೋಟಾರು, ಫ್ಯೂಸು, ಅರ್ಥ್ ಎಲ್ಲವೂ ಸರಿ ಎಂದಾಯಿತು. ತಪ್ಪು ರಿಲೇಯಲ್ಲಿ ಅಥವಾ ಅದರ ಆಚೆ ಇದೆ. ತಿರುಗದಿದ್ದರೆ ಸೆನ್ಸರಿನ ತಂಟೆಗೆ ಸದ್ಯಕ್ಕೆ ಹೋಗಬೇಕಿಲ್ಲ. ಒಂದೇ ಪರೀಕ್ಷೆಗೆ ಅರ್ಧ ಸರ್ಕ್ಯೂಟು ಅನುಮಾನದಿಂದ ಪಾರಾಗುತ್ತದೆ.

ಮೋಟಾರಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದಾಗ 12 ವೋಲ್ಟ್ ಬಂತು, ಆದ್ದರಿಂದ ಮೋಟಾರೇ ಸತ್ತಿದೆ ಎಂಬ ವಾದವನ್ನು ಅನುಭವಿಗಳೂ ಮುಂದಿಡುತ್ತಾರೆ. ಈ ವಾದ ನಿಲ್ಲುವುದಿಲ್ಲ. ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಎಳೆ ಉಳಿದ ವೈರಿನಲ್ಲೂ, ಹಸಿರುಗಟ್ಟಿದ ಪಿನ್ನಿನಲ್ಲೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಫ್ಯಾನು 15 ಆಂಪಿಯರ್ ಎಳೆಯುವಾಗ ಕನೆಕ್ಟರಿನಲ್ಲಿ ಬರೀ 0.2 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 45 ವಾಟ್ ಶಾಖವಾಗಿ. ಪ್ಲಾಸ್ಟಿಕ್ ಕಂದಾಗುವುದು, ಕರಗುವುದು ಇದರಿಂದಲೇ. ಆದ್ದರಿಂದ ಅಳೆಯಬೇಕಾದದ್ದು ಕನೆಕ್ಟರ್ ಜೋಡಿಸಿ, ಮೋಟಾರಿಗೆ ಕರೆಂಟು ಕೊಟ್ಟಿರುವಾಗ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೋಟಾರಿನ ಪ್ಲಸ್ ಪಿನ್ನಿಗೆ. ಬಳಿಕ ಅರ್ಥ್ ಬದಿಯಲ್ಲೂ ಹಾಗೆಯೇ. ಯಾವುದೇ ಒಂದು ಬದಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ದಾರಿಯಲ್ಲಿದೆ. ಎರಡೂ ಬದಿ ಚೊಕ್ಕಟವಾಗಿದ್ದು ಮೋಟಾರು ಅಲುಗದಿದ್ದರೆ ಮಾತ್ರ ಸವೆದ ಕಾರ್ಬನ್ನನ್ನೋ ಸುಟ್ಟ ವೈಂಡಿಂಗನ್ನೋ ದೂರಬಹುದು.

ಸ್ಕ್ಯಾನರ್ ಇರುವಾಗ ಇಷ್ಟೆಲ್ಲ ಏಕೆ ಎನ್ನಬಹುದು. ಪಿ0480ರಂಥ ಕೋಡು ಹೇಳುವುದು ಫ್ಯಾನಿನ ನಿಯಂತ್ರಣ ಸರ್ಕ್ಯೂಟಿನ ಸಂಗತಿ. ಸಾಧಾರಣ ರಿಲೇ ವ್ಯವಸ್ಥೆಯಲ್ಲಿ ಒಳಗಿನ ಕಾಂಟ್ಯಾಕ್ಟು ಸುಟ್ಟಿರುವುದು ಕಂಪ್ಯೂಟರಿಗೆ ಕಾಣದೆಯೇ ಹೋಗಬಹುದು. ರಿಲೇ ಟಿಕ್ ಎಂದಿತೆಂಬ ಸಮಾಧಾನವೂ ಅಷ್ಟೇ ಪೊಳ್ಳು, ಸದ್ದು ಸುರುಳಿಯದು. ಸ್ಕ್ಯಾನರ್ ನಿಜಕ್ಕೂ ನೆರವಾಗುವುದು ಸೆನ್ಸರಿನ ಮೆಲ್ಲನೆಯ ಸುಳ್ಳನ್ನು ಹಿಡಿಯಲು: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟಿನ ತಾಪ ಹೊರಗಿನ ಗಾಳಿಯ ತಾಪಕ್ಕೆ ಹೊಂದಬೇಕು. ವೈರು ಕಿತ್ತ ಸೆನ್ಸರನ್ನು ಕಂಪ್ಯೂಟರು ಗುರುತಿಸಿ ಅನೇಕ ಗಾಡಿಗಳಲ್ಲಿ ಫ್ಯಾನನ್ನು ತಾನಾಗಿ ಓಡಿಸುತ್ತದೆ. ತಾಪವನ್ನು ಕಡಿಮೆ ಹೇಳುವ ಸೆನ್ಸರನ್ನು ಮಾತ್ರ ನಂಬಿಬಿಡುತ್ತದೆ.

ರಿಲೇಯನ್ನು ಬಿಟ್ಟು ಡ್ಯಾಶ್‌ಬೋರ್ಡಿಗೆ ಸ್ವಿಚ್ಚು ಎಳೆದು ಫ್ಯಾನನ್ನು 'ಡೈರೆಕ್ಟ್' ಮಾಡುವುದು ಊರು ಸೇರಲು ಸಾಕು. ಫ್ಯೂಸು ಪದೇ ಪದೇ ಹಾರುವ ಗಾಡಿಗೆ ಅದೂ ಸಲ್ಲದು: ಬೇರಿಂಗ್ ಬಿಗಿದ ಮೋಟಾರು ಹೆಚ್ಚು ಕರೆಂಟು ಎಳೆಯುತ್ತಿರುತ್ತದೆ, 30 ಆಂಪಿಯರಿನ ಜಾಗಕ್ಕೆ 40ರ ಫ್ಯೂಸು ಹಾಕಿದರೆ ಅದರ ಬದಲು ವೈರು ಸುಡುತ್ತದೆ.