ತಾಂತ್ರಿಕ ಸ್ಕೂಬಾ ಡೈವಿಂಗ್: ಮೊದಲ ತರಬೇತಿ ಮತ್ತು ತರಬೇತುದಾರರ ಆಯ್ಕೆ

ಹವ್ಯಾಸಿ ಸ್ಕೂಬಾಕ್ಕೆ ಗೊತ್ತುಮಾಡಿದ 40 ಮೀಟರಿನ ಎಲ್ಲೆಯನ್ನು ದಾಟುವ ಡೈವಿಂಗ್‌ಗೆ ತಾಂತ್ರಿಕ ಡೈವಿಂಗ್ ಎಂದು ಹೆಸರು. ನೇರವಾಗಿ ಮೇಲೇಳಲಾಗದೆ, ನಡುವೆ ತಂಗಿ ತಂಗಿ ಬರಬೇಕಾದಷ್ಟು ಹೊತ್ತು ನೀರಿನಡಿ ಉಳಿಯುವುದೂ ಇದರಲ್ಲೇ ಸೇರುತ್ತದೆ. ಹಾಗೆ ತಂಗುವುದನ್ನು ಡಿಕಂಪ್ರೆಶನ್ ಎನ್ನುತ್ತಾರೆ. ಒತ್ತಡದಲ್ಲಿ ರಕ್ತಕ್ಕೂ ಮಾಂಸಖಂಡಕ್ಕೂ ಇಳಿದ ಸಾರಜನಕ ನಿಧಾನವಾಗಿ ಹೊರಬರಬೇಕು. ಅವಸರಪಟ್ಟರೆ ಅದು ದೇಹದೊಳಗೇ ಗುಳ್ಳೆಯಾಗುತ್ತದೆ. ‘ತಾಂತ್ರಿಕ’ ಎಂಬ ಹೆಸರನ್ನು 1991ರಲ್ಲಿ ಅಮೆರಿಕದ ‘ಅಕ್ವಾಕೋರ್’ ಪತ್ರಿಕೆಯ ಮೈಕೆಲ್ ಮೆಂಡುನೊ ಬಳಕೆಗೆ ತಂದರು.

ರಾಜ್ಯದಲ್ಲಿ ಸ್ಕೂಬಾ ಎಂದರೆ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಿನಲ್ಲಿರುವ ಈ ದ್ವೀಪಕ್ಕೆ ಮಳೆಗಾಲ ಮುಗಿದ ಮೇಲೆ ದೋಣಿಗಳು ಹೋಗುತ್ತವೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ಇಲ್ಲಿಯ ನೀರಿನಡಿಯ ಲೋಕವನ್ನು ಮನೆಮನೆಗೆ ತೋರಿಸಿತು. ಆದರೆ ಈಜು ಬಾರದವರನ್ನೂ ಕೈಹಿಡಿದು ಇಳಿಸುವ ಒಂದು ದಿನದ ಅನುಭವ ತರಬೇತಿಯಲ್ಲ. ತಾಂತ್ರಿಕ ತರಬೇತಿಯ ಬಾಗಿಲಿಗೆ ಬರುವ ಮೊದಲು ಸಾಮಾನ್ಯವಾಗಿ 18 ಮೀಟರಿನ ಓಪನ್ ವಾಟರ್, 30 ಮೀಟರಿನ ಅಡ್ವಾನ್ಸ್‌ಡ್, ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು ಬಳಸುವ ನೈಟ್ರಾಕ್ಸ್ ಪಾಠಗಳು ಮುಗಿದಿರಬೇಕು. ಹತ್ತಾರು ಡೈವ್‌ಗಳ ರೂಢಿಯೂ ಆಗಿರಬೇಕು.

ನಂಜನಗೂಡು, ತಿ. ನರಸೀಪುರದ ನದೀತೀರದಲ್ಲಿ ಬೆಳೆದವರಿಗೆ ನೀರು ಹೊಸದಲ್ಲ. ಕಪಿಲೆಯ ಸ್ನಾನಘಟ್ಟದಲ್ಲೋ, 1989ರಿಂದ ಕುಂಭಮೇಳ ನಡೆಯುವ ತಿರುಮಕೂಡಲಿನ ಸಂಗಮದಲ್ಲೋ ಈಜು ಕಲಿತವರಿಗೆ ಸೆಳೆತ, ಸುಳಿ, ಮಡುಗಳ ಅಂದಾಜಿರುತ್ತದೆ. ಆ ಎಚ್ಚರ ಅಮೂಲ್ಯವಾದದ್ದು. ಆದರೆ ಅವರು ಕಲಿತ ಮೊದಲ ಪಾಠವನ್ನೇ ಸ್ಕೂಬಾದಲ್ಲಿ ಬಿಡಬೇಕು. ನದಿಯಲ್ಲಿ ಮುಳುಗುವವರು ದಮ್ಮು ಕಟ್ಟುತ್ತಾರೆ. ಸ್ಕೂಬಾದಲ್ಲಿ ಎಂದೂ ದಮ್ಮು ಕಟ್ಟಬಾರದು. ದಡದಲ್ಲಿ ಎಳೆದುಕೊಂಡ ಉಸಿರು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನಿಂದ 10 ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ತುಂಬಿದ ಶ್ವಾಸಕೋಶ ಹರಿಯಲು ಒಂದೆರಡು ಮೀಟರಿನ ಏರಿಕೆಯೇ ಸಾಕು. ಗಾಬರಿಯಾದಾಗ ಮೈ ಹಳೆಯ ಅಭ್ಯಾಸಕ್ಕೇ ಮರಳುತ್ತದೆ. ಆದ್ದರಿಂದ ನುರಿತ ಈಜುಗಾರರು ತಮ್ಮ ಈ ಅಭ್ಯಾಸವನ್ನು ತರಬೇತುದಾರರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಮೊದಲ ಹಂತದ ತರಬೇತಿಗಳೆಲ್ಲ ಒಂದೇ ಬಗೆಯವಲ್ಲ. ‘ಪ್ಯಾಡಿ’ ಸಂಸ್ಥೆಯ ಟೆಕ್ 40 ತರಬೇತಿಯಲ್ಲಿ 40 ಮೀಟರಿನವರೆಗೆ ಇಳಿದು, ಒಟ್ಟು 10 ನಿಮಿಷದವರೆಗೆ ಡಿಕಂಪ್ರೆಶನ್ ಮಾಡಲು ಕಲಿಸುತ್ತಾರೆ. 1994ರಲ್ಲಿ ಹುಟ್ಟಿದ ‘ಟಿಡಿಐ’ಯ ಇಂಟ್ರೊ ಟು ಟೆಕ್ ಡಿಕಂಪ್ರೆಶನ್‌ಗೆ ಕೈಹಾಕದೆ ಸಲಕರಣೆ, ಯೋಜನೆ, ಶಿಸ್ತುಗಳ ಪರಿಚಯ ಮಾಡಿಸುತ್ತದೆ. ‘ಜಿಯುಇ’ಯ ಫಂಡಮೆಂಟಲ್ಸ್ ಆಳದ ಗೊಡವೆಗೆ ಹೋಗುವುದಿಲ್ಲ. ನೀರಿನಲ್ಲಿ ಅಡ್ಡಲಾಗಿ, ಅಲುಗಾಡದೆ, ತಳದ ಹೂಳು ಕದಡದೆ ನಿಲ್ಲುವುದನ್ನು ಅಲ್ಲಿ ದಿನಗಟ್ಟಲೆ ತಿದ್ದುತ್ತಾರೆ. ಸಾಲದವರಿಗೆ ತಾತ್ಕಾಲಿಕ ಫಲಿತಾಂಶ ಕೊಟ್ಟು, ಅಭ್ಯಾಸ ಮಾಡಿಕೊಂಡು ಮತ್ತೆ ಬರಲು ಹೇಳುವುದೂ ಉಂಟು. ಮೊದಲ ತರಬೇತಿಗೆ ಈ ಮೂರನೆಯ ಬಗೆಯೇ ಮೇಲು: ಆಳವನ್ನು ಆಮೇಲೆ ಕಲಿಯಬಹುದು, ಕೆಟ್ಟ ನಿಲುವು ಒಮ್ಮೆ ರೂಢಿಯಾದರೆ ತಿದ್ದುವುದು ಕಷ್ಟ.

ಲೆಕ್ಕವೂ ಪಾಠದ ದೊಡ್ಡ ಭಾಗ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 40 ಮೀಟರ್ ಆಳದಲ್ಲಿ, ಐದು ಪಟ್ಟು ಒತ್ತಡದಲ್ಲಿ, 100 ಲೀಟರ್ ಬೇಕು. 200 ಬಾರ್ ತುಂಬಿದ 12 ಲೀಟರಿನ ಸಿಲಿಂಡರಿನಲ್ಲಿರುವುದು 2,400 ಲೀಟರ್, ಅಂದರೆ 24 ನಿಮಿಷ. ಅದರಲ್ಲೇ ಏರುವ ಹೊತ್ತನ್ನೂ, ಜೊತೆಗಾರರ ಗಾಳಿ ಮುಗಿದರೆ ಕೊಡಬೇಕಾದ ಪಾಲನ್ನೂ ಕಳೆಯಬೇಕು. ಇದನ್ನು ಕಂಪ್ಯೂಟರಿಗೆ ಬಿಟ್ಟುಬಿಡದೆ ಕಾಗದದ ಮೇಲೆ ಮಾಡಿಸುವ ತರಬೇತಿಯನ್ನೇ ಆರಿಸಬೇಕು.

ಹೀಗಿದ್ದರೂ ಸಂಸ್ಥೆಯ ಹೆಸರಿಗಿಂತ ಕಲಿಸುವ ವ್ಯಕ್ತಿಯೇ ಮುಖ್ಯ. ಒಂದೇ ಸಂಸ್ಥೆಯ ಕಾರ್ಡು ಕೊಡುವ ಇಬ್ಬರ ನಡುವೆ ಅಜಗಜಾಂತರವಿರಬಹುದು. ದುಡ್ಡು ಕಟ್ಟುವ ಮೊದಲು ಒಮ್ಮೆ ಅವರ ಜೊತೆ ಸಾಮಾನ್ಯ ಡೈವ್‌ಗೆ ಇಳಿದು ನೋಡಬೇಕು. ಅವರು ನೀರಿನಲ್ಲಿ ನಿಲ್ಲುವ ರೀತಿಯನ್ನೇ ಶಿಷ್ಯರು ಎತ್ತಿಕೊಳ್ಳುತ್ತಾರೆ. ಕಲಿಸುವುದಕ್ಕಲ್ಲದೆ ತಮಗಾಗಿಯೂ ಈ ಮಟ್ಟದ ಡೈವ್‌ಗಳನ್ನು ಇತ್ತೀಚೆಗೆ ಮಾಡಿದ್ದಾರೆಯೇ? ಒಮ್ಮೆಗೆ ಎಷ್ಟು ಜನರನ್ನು ಇಳಿಸುತ್ತಾರೆ? ಮೂವರಿಗಿಂತ ಹೆಚ್ಚಾದರೆ ಹಿಂಜರಿಯಬೇಕು. ವಿಡಿಯೊ ತೆಗೆದು ಸಂಜೆ ಕೂರಿಸಿ ತಪ್ಪು ತೋರಿಸುತ್ತಾರೆಯೇ? ದೇಹದಲ್ಲಿ ಗುಳ್ಳೆಯಾದವರಿಗೆ ಚಿಕಿತ್ಸೆ ಕೊಡುವ ಹತ್ತಿರದ ಡಿಕಂಪ್ರೆಶನ್ ಚೇಂಬರ್ ಎಲ್ಲಿದೆ, ಅಲ್ಲಿಗೆ ಹೇಗೆ ಒಯ್ಯುತ್ತಾರೆ ಎಂಬುದಕ್ಕೆ ತಡವರಿಸದೆ ಉತ್ತರ ಬರಬೇಕು. ಕೊನೆಗೆ, ‘ಯಾರನ್ನಾದರೂ ಫೇಲ್ ಮಾಡಿದ್ದೀರಾ?’ ಎಂದು ಕೇಳಬೇಕು. ಎಲ್ಲರೂ ಪಾಸಾಗುವ ಕಡೆ ಕಾರ್ಡಿಗೆ ಬೆಲೆಯಿಲ್ಲ, ಆ ಕಾರ್ಡನ್ನು ನಂಬಿ ಇಳಿದವರ ಜೀವಕ್ಕೆ ಅಪಾಯವಿದೆ.

ಒಳ್ಳೆಯವರ ಬಳಿ ಕಲಿತು ಕಾರ್ಡು ಪಡೆದರೂ, ಹರಿಯುವ ನದಿಯಲ್ಲಿ ಮುಳುಗಿದ್ದನ್ನು ಹುಡುಕುವ ಕೆಲಸ ಬೇರೆಯೇ ವಿದ್ಯೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ರಭಸ ನೌಕಾಪಡೆಯ ಡೈವರ್‌ಗಳನ್ನೂ ತಡೆಯಿತು. ಕುಸಿತದಲ್ಲಿ ನದಿಪಾಲಾಗಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ಡ್ರೆಜರ್ ಬಂದ ಮೇಲೆ. ತಾಂತ್ರಿಕ ಡೈವಿಂಗ್ ಕಾರ್ಡು ಪ್ರವಾಹಕ್ಕೆ ಇಳಿಯುವ ಪರವಾನಗಿಯಲ್ಲ.

ಮೈಸೂರು ಸೀಮೆಯವರು ಕೇಳಲೇಬೇಕಾದ ಇನ್ನೊಂದು ವಿಷಯ ಎತ್ತರದ್ದು. 300 ಮೀಟರಿಗಿಂತ ಎತ್ತರದ ಕೆರೆ, ಜಲಾಶಯಗಳಲ್ಲಿ ಇಳಿಯುವಾಗ ಕಡಲಿನ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಗಾಳಿಯ ಒತ್ತಡವೇ ಕಡಿಮೆ. ಪತ್ರಿಕೆಗಳಲ್ಲಿ ನಾವು ಓದುವ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ. ಅದು ಸಮುದ್ರಮಟ್ಟದಿಂದ ಅಳೆದದ್ದು, ಅಂದರೆ 300 ಮೀಟರಿನ ಎಲ್ಲೆಗಿಂತ ಬಹಳ ಮೇಲೆ. ಕಡಲಿನಲ್ಲಿ ಡೈವ್ ಮಾಡಿ ಊರಿಗೆ ಮರಳುವವರಿಗೂ ಎತ್ತರದ ಈ ಮಾತು ಅನ್ವಯಿಸುತ್ತದೆ. ಡೈವ್ ನಂತರದ ವಿಮಾನಯಾನಕ್ಕೆ ಹೇಳುವ ಕಾಯುವಿಕೆಯ ಸಲಹೆ 2,000 ಅಡಿಯ ಎತ್ತರದಿಂದಲೇ ಶುರುವಾಗುತ್ತದೆ: ಒಂದೇ ಸಾಮಾನ್ಯ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ, ಡಿಕಂಪ್ರೆಶನ್ ಡೈವ್ ಆಗಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚು. ನಂಜನಗೂಡೇ ಆ ಎತ್ತರದ ಆಸುಪಾಸಿನಲ್ಲಿದೆ. ಮಂಗಳೂರಿನಿಂದ ಮಡಿಕೇರಿಯ ಮಾರ್ಗವಾಗಿ ಹೊರಟರೆ ಸಾವಿರ ಮೀಟರಿಗೂ ಮೇಲಿನ ಎತ್ತರವನ್ನು ದಾಟಬೇಕು. ಸಂಜೆ ನೀರಿನಿಂದೆದ್ದು ರಾತ್ರಿಯೇ ಕಾರು ಹತ್ತುವ ಬದಲು ಕರಾವಳಿಯಲ್ಲೇ ಒಂದು ದಿನ ಉಳಿಯಬೇಕು. ‘ಯಾವೂರು, ಯಾವ ಘಟ್ಟ ಹತ್ತಿ ಹೋಗುತ್ತೀರಿ?’ ಎಂದು ತಾವಾಗಿಯೇ ಕೇಳುವ ತರಬೇತುದಾರರು ಸಿಕ್ಕರೆ ಅವರ ಬಳಿಯೇ ಕಲಿಯಬಹುದು.