ಮಿಥ್ಯಾಲೋಕದಲ್ಲಿ ನಡಿಗೆ: ಹೆಜ್ಜೆ ಅಳೆದ ಇತಿಹಾಸ

ವರ್ಚುವಲ್ ರಿಯಾಲಿಟಿ ಅಥವಾ ಮಿಥ್ಯಾವಾಸ್ತವದ ಕಟ್ಟಡವೊಂದರಲ್ಲಿ ನೀವು ನಡೆದಾಡಬೇಕೆಂದುಕೊಳ್ಳಿ. ನಿಮ್ಮ ತಲೆ ಎಲ್ಲಿದೆ, ಎತ್ತ ತಿರುಗಿದೆ ಎಂಬುದು ಕಂಪ್ಯೂಟರಿಗೆ ಕ್ಷಣಕ್ಷಣವೂ ತಿಳಿಯಬೇಕು. ಮೂರು ನಿರ್ದೇಶಾಂಕಗಳು, ಮೂರು ಕೋನಗಳು. ಒಟ್ಟು ಆರು ಸಂಖ್ಯೆಗಳು. ಇವು ತಪ್ಪಿದರೆ ಅಥವಾ ತಡವಾದರೆ ಕಣ್ಣು ಹೇಳುವುದಕ್ಕೂ ಒಳಗಿವಿಯ ಸಮತೋಲನ ಅಂಗ ಹೇಳುವುದಕ್ಕೂ ತಾಳೆಯಾಗದೆ ತಲೆಸುತ್ತು, ವಾಕರಿಕೆ ಬರಬಹುದು.

1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಪರದೆಯನ್ನು ವಿವರಿಸಿದರು. ಚಾವಣಿಯಿಂದ ಇಳಿಬಿದ್ದ ಲೋಹದ ತೋಳು ತಲೆಯ ಚಲನೆಯನ್ನು ಅಳೆಯುತ್ತಿತ್ತು. ಆದರೆ ಓಡಾಡಲು ದೊರೆತ ಜಾಗ ಸುಮಾರು 6 ಅಡಿ ವ್ಯಾಸದ್ದು ಮಾತ್ರ. ಅನಂತರ ಕಾಂತಕ್ಷೇತ್ರ ಆಧಾರಿತ ಸಂವೇದಕಗಳು ಬಂದವು. ತೋಳಿನ ಕಟ್ಟು ತಪ್ಪಿತು. ಆದರೆ ಸಮೀಪದ ಲೋಹದ ವಸ್ತುಗಳು ಅಳತೆಯನ್ನು ಕೆಡಿಸುತ್ತಿದ್ದವು.

ವೇಗೋತ್ಕರ್ಷಮಾಪಕವೊಂದೇ ಸಾಲದೇ ಎಂದು ನೀವು ಕೇಳಬಹುದು. ವೇಗೋತ್ಕರ್ಷವನ್ನು ಎರಡು ಬಾರಿ ಅನುಕಲಿಸಿದರೆ ದೂರ ಸಿಗುತ್ತದೆ, ನಿಜ. ಆದರೆ ಅಳತೆಯಲ್ಲಿ 0.01 ಮೀ/ಸೆ² ಸ್ಥಿರ ದೋಷವಿದ್ದರೆ ½at² ಸೂತ್ರದಂತೆ 10 ಸೆಕೆಂಡಿನಲ್ಲಿ ಅರ್ಧ ಮೀಟರ್, ಒಂದು ನಿಮಿಷದಲ್ಲಿ 18 ಮೀಟರ್ ತಪ್ಪಾಗುತ್ತದೆ! ಹೊರಗಿನ ಆಧಾರಬಿಂದುವೊಂದು ಬೇಕೇ ಬೇಕು.

ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದವರು 1991ರಲ್ಲಿ ಚಾವಣಿಯ ತುಂಬ ಅವಕೆಂಪು ದೀಪಗಳನ್ನು ಜೋಡಿಸಿದರು. ತಲೆಯ ಮೇಲಿನ ಸಂವೇದಕಗಳು ಅವನ್ನು ನೋಡಿ ಸ್ಥಾನವನ್ನು ಗುರುತಿಸಿದವು. ಇತ್ತ 1995ರಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು, ನಿಂತಲ್ಲೇ ಹೆಜ್ಜೆ ಹಾಕುವವರ ತಲೆಯ ಕುಲುಕಾಟವನ್ನು ನರಜಾಲದಿಂದ ಗುರುತಿಸಿ ಅದನ್ನೇ ಮುನ್ನಡೆಯಾಗಿಸುವ ವಿಧಾನವನ್ನು ಪ್ರಕಟಿಸಿದರು. 1999ರಲ್ಲಿ ಈ ವಿಧಾನವನ್ನು ನಿಜವಾದ ನಡಿಗೆಯೊಂದಿಗೂ ಗುಂಡಿ ಒತ್ತಿ ತೇಲುವುದರೊಂದಿಗೂ ಹೋಲಿಸಲಾಯಿತು. ನಿಜವಾದ ನಡಿಗೆಯೇ ಅತ್ಯಂತ ಸರಳ, ಸಹಜ ಎಂದು ಕಂಡುಬಂದಿತು.

2016ರ ಎಚ್‌ಟಿಸಿ ವೈವ್ ಈ ಸೌಲಭ್ಯವನ್ನು ಮನೆಗೆ ತಂದಿತು. ಅದರ ಮೂಲಕೇಂದ್ರದಲ್ಲಿ ಲೇಸರ್ ಕಿರಣ ಸೆಕೆಂಡಿಗೆ 60 ಸುತ್ತು ತಿರುಗುತ್ತಿತ್ತು. ಮೊದಲು ಒಂದು ಮಿಂಚು, ನಂತರ ಕಿರಣ. ನಡುವಿನ ಕಾಲವನ್ನು ಕೋನವೇಗದಿಂದ ಗುಣಿಸಿದರೆ ಕೋನ. ಒಂದು ಮೈಕ್ರೋಸೆಕೆಂಡಿಗೆ ಸುಮಾರು 0.02 ಡಿಗ್ರಿ! 2019ರ ಆಕ್ಯುಲಸ್ ಕ್ವೆಸ್ಟ್‌ಗೆ ಹೊರಗಿನ ಪೆಟ್ಟಿಗೆಯೂ ಬೇಕಾಗಲಿಲ್ಲ. ಅದರಲ್ಲಿದ್ದ ಕ್ಯಾಮರಾಗಳಿಗೆ ಕೋಣೆಯ ಮೂಲೆ, ಅಂಚುಗಳೇ ಆಧಾರಬಿಂದುಗಳು.

ಆದರೂ ಕೋಣೆಗೆ ಗೋಡೆಯಿದೆ, ಮಿಥ್ಯಾಲೋಕಕ್ಕಿಲ್ಲ. 2001ರಲ್ಲಿ ಶರೀಫ್ ರಜಾಕ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಹೂಡಿದರು: ದೃಶ್ಯವನ್ನು ತುಸುತುಸುವೇ ತಿರುಗಿಸಿದರೆ, ನೇರ ಹೋಗುತ್ತಿದ್ದೇನೆಂದು ನಂಬಿದವರು ವಾಸ್ತವದಲ್ಲಿ ಬಾಗಿ ನಡೆಯುತ್ತಾರೆ. ಈ ಬಾಗು ಗೊತ್ತಾಗದಿರಲು ಕನಿಷ್ಠ 22 ಮೀಟರ್ ತ್ರಿಜ್ಯದ ವೃತ್ತ ಬೇಕೆಂದು 2010ರ ಅಧ್ಯಯನವೊಂದು ಅಂದಾಜಿಸಿತು. ನಿಮ್ಮ ಶಾಲೆಯ ಮೈದಾನದಲ್ಲಿ ಅದು ಹಿಡಿಸುವುದೇ? ವಿದ್ಯಾರ್ಥಿಗಳೊಡನೆ ಅಳೆದು ನೋಡಿ.